ಡಾಸ್ ಕಂಪ್ಯೂಟರಿಗೆ ನೆಟ್‌ವರ್ಕ್ ದೊರಕಿದ ಬಗೆ

ಬೆಟಗೇರಿಯ ನಮ್ಮ ಸೀರೆ ಅಂಗಡಿಯ ಹಳೆಯ ಲೆಕ್ಕವೆಲ್ಲ ಡಾಸ್ 6.22 ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆ ಇರುವ 486 ಪ್ರೊಸೆಸರಿನ ಕಂಪ್ಯೂಟರಿನಲ್ಲೇ ಉಳಿದಿತ್ತು. ಅದನ್ನು ಒಂದೊಂದೇ ಫ್ಲಾಪಿಯಲ್ಲಿ ಹೊರತೆಗೆಯುವ ತಾಳ್ಮೆ ನನಗಿರಲಿಲ್ಲವಾದ್ದರಿಂದ, ಎನ್‌ಇ2000 ಮಾದರಿಯ ನೆಟ್‌ವರ್ಕ್ ಕಾರ್ಡನ್ನು ಕೂರಿಸಿ ಡಾಸ್‌ನಲ್ಲಿ ನೆಟ್‌ವರ್ಕ್ ಬಳಸಲು ನೆರವಾಗುವ ಎಂಟಿಸಿಪಿ ತಂತ್ರಾಂಶವನ್ನು ಹಾಕಿದೆ. ಕಾರ್ಡನ್ನು ನಡೆಸುವ ಪ್ಯಾಕೆಟ್ ಡ್ರೈವರ್ ತಕರಾರಿಲ್ಲದೆ ಲೋಡ್ ಆಗಿ ಕಾರ್ಡಿನ ಹಾರ್ಡ್‌ವೇರ್ ವಿಳಾಸವನ್ನೂ ತೋರಿಸಿತು. ಆದರೆ ನೆಟ್‌ವರ್ಕಿನಿಂದ ಐಪಿ ವಿಳಾಸವನ್ನು ಕೇಳಿ ಪಡೆಯುವ ಡಿಎಚ್‌ಸಿಪಿ ಮಾತ್ರ ಪ್ರತಿ ಸಲವೂ ಉತ್ತರ ಕಾಣದೆ ನಿಂತುಬಿಡುತ್ತಿತ್ತು. ಎರಡು ಸಂಜೆ ನಾನು ಕೇಬಲ್ಲನ್ನೇ ಅನುಮಾನಿಸಿದೆ.

ದೋಷವಿದ್ದದ್ದು ಬೇರೆಡೆ. ಕಾರ್ಡು ಬಳಸುತ್ತಿದ್ದ ಐಆರ್‌ಕ್ಯೂ 3 (ಪ್ರೊಸೆಸರಿನ ಗಮನ ಸೆಳೆಯುವ ಇಂಟರಪ್ಟ್ ಸಂಕೇತದ ಸಾಲು) ಎರಡನೆಯ ಸೀರಿಯಲ್ ಪೋರ್ಟಿನದೂ ಆಗಿತ್ತು. ಹಾರ್ಡ್‌ವೇರ್ ವಿಳಾಸವನ್ನು ಓದಲು ಇಂಟರಪ್ಟ್ ಬೇಕಿಲ್ಲ, ಬಂದ ಪ್ಯಾಕೆಟ್ಟಿನ (ದತ್ತಾಂಶದ ತುಣುಕಿನ) ಸುದ್ದಿ ಡ್ರೈವರಿಗೆ ಮುಟ್ಟಲು ಬೇಕು. ಆದ್ದರಿಂದಲೇ ಎಲ್ಲವೂ ಸರಿಯಿರುವಂತೆ ತೋರಿತ್ತು. ಕಾರ್ಡಿನ ಸೆಟಪ್ ಪ್ರೋಗ್ರಾಮಿನಲ್ಲಿಯೂ ಕಂಪ್ಯೂಟರ್ ಚಾಲೂ ಆದಾಗ ತಾನಾಗಿ ನಡೆಯುವ ಆಟೋಎಕ್ಸೆಕ್ ಕಡತದ ಡ್ರೈವರ್ ಸಾಲಿನಲ್ಲಿಯೂ 3ರ ಬದಲು 10 ಎಂದು ಬರೆದು ಮತ್ತೆ ಚಾಲೂ ಮಾಡಿದ ಕೂಡಲೇ ಐಪಿ ವಿಳಾಸ ಬಂದಿತು.

ಅನಂತರ ಎಂಟಿಸಿಪಿಯ ಸಂರಚನಾ ಕಡತದಲ್ಲಿ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ) ಮೌಲ್ಯವನ್ನು 576ರಿಂದ 1500ಕ್ಕೆ ಏರಿಸಿದೆ. ಮನೆಯೊಳಗಿನ ಈಥರ್ನೆಟ್ಟಿಗೆ ಅದೇ ತಕ್ಕ ಅಳತೆ. ಎಫ್‌ಟಿಪಿಯಲ್ಲಿ ಕಡತಗಳು ಗಮನಕ್ಕೆ ಬರುವಷ್ಟು ಬೇಗ ಸಾಗತೊಡಗಿದವು, ಅದೇ ರಾತ್ರಿ ಲೆಕ್ಕವೆಲ್ಲ ಹೊಸ ಕಂಪ್ಯೂಟರಿಗೆ ಬಂದು ಸೇರಿತು.