ಅಜ್ಜಿಯ ಬದುಕು ಬರೆದಿಡೋದು ಹೇಗೆ? ಮೊದಲು ‘ದೈವಭಕ್ತೆ’ ಅನ್ನೋ ಪದ ಅಳಿಸಿ

ನಮ್ಮಜ್ಜಿ ತೀರಿಕೊಂಡಾಗ ಅಚ್ಚು ಹಾಕಿಸಿದ ಕಾರ್ಡಿನಲ್ಲಿ ಮೂರೇ ಮಾತಿತ್ತು: ದೈವಭಕ್ತೆ, ಆದರ್ಶ ಗೃಹಿಣಿ, ಪ್ರೀತಿಯ ತಾಯಿ. ಫೋಟೊ ಬದಲಾಯಿಸಿದರೆ ಅದೇ ಕಾರ್ಡು ಪಕ್ಕದ ಮನೆಯವರಿಗೂ ಆಗುತ್ತಿತ್ತು. ಹುಟ್ಟಿದ ದಿನ ಬೇರೆ ಜನವರಿ 1 ಅಂತ ಬಿದ್ದಿತ್ತು, ಯಾಕೆಂದರೆ ಆಧಾರ್ ಕಾರ್ಡಿನಲ್ಲಿ ಹಾಗಿತ್ತು. ನಮ್ಮೂರಲ್ಲಿ ಅರ್ಧ ಜನ ಮುದುಕರು ಜನವರಿ ಒಂದಕ್ಕೇ ಹುಟ್ಟಿದವರು, ಬಿಡಿ. ಆ ಸಿಟ್ಟಿಗೇ, ಚರ್ಚಿನಲ್ಲಿ ಅವಳ ವರ್ಷದ ಪೂಜೆ ಹೊತ್ತಿಗೆ ಒಂದು ಸಣ್ಣ ಪುಸ್ತಕ ಮಾಡೋಣ ಅಂತ ಹೊರಟೆ. ಬೆಂಗಳೂರಿನ ಅಂಚಿನಲ್ಲಿ ರಾಗಿ ಹೊಲ, ಎರಡು ಹಸು, ಒಂದು ಜಪಸರ ಇಟ್ಟುಕೊಂಡು ಬದುಕಿದ ಇಂಥ ಅಜ್ಜಿಯೋ ಅಮ್ಮನೋ ನಿಮ್ಮ ಮನೆಯಲ್ಲೂ ಇದ್ದಿದ್ದರೆ, ನಾನು ಎಡವಿ ಕಲಿತದ್ದು ಉಪಯೋಗಕ್ಕೆ ಬರಬಹುದು.

ಮೊದಲು ಕಾಗದ ಹುಡುಕಿ. ಪಹಣಿ ತೆಗೆಸಿದರೆ ಅವಳು ಸಿಗಲ್ಲ. ಮಾಲೀಕರ ಹೆಸರಿರುವ ಕಾಲಂ 9ರಲ್ಲಿ ತಾತನ ಹೆಸರು, ಅವರಾದ ಮೇಲೆ ದೊಡ್ಡಪ್ಪ, ನಮ್ಮಪ್ಪ. ಐವತ್ತು ವರ್ಷ ಆ ಹೊಲದಲ್ಲಿ ಕಳೆ ಕಿತ್ತವಳ ಹೆಸರು ಎಲ್ಲೂ ಇಲ್ಲ. ಅವಳು ಸಿಗುವುದು ಎರಡೇ ಕಡೆ: ಹಾಲಿನ ಡೇರಿಯ ಪಾಸ್‌ಬುಕ್ಕಿನಲ್ಲಿ, ಮತ್ತೆ ಚರ್ಚಿನ ರಿಜಿಸ್ಟರಿನಲ್ಲಿ. ಜ್ಞಾನಸ್ನಾನದ, ಅಂದರೆ ಬ್ಯಾಪ್ಟಿಸಮ್ಮಿನ, ದಾಖಲೆ ತವರಿನ ಚರ್ಚಿನಲ್ಲಿರುತ್ತೆ, ಗಂಡನ ಊರಲ್ಲಲ್ಲ. ಇದು ಗೊತ್ತಿಲ್ಲದೆ ನಾನು ಎರಡು ಭಾನುವಾರ ಹಾಳು ಮಾಡಿಕೊಂಡೆ. ಮದುವೆಯಾದದ್ದನ್ನೂ ಅದೇ ಸಾಲಿನ ಪಕ್ಕ ಗುರುತು ಹಾಕುವುದು ಕ್ರಮ, ಹಾಗಾಗಿ ಒಂದು ಪುಟದಲ್ಲೇ ಎರಡು ತಾರೀಖು ಸಿಗಬಹುದು. ಬೆಂಗಳೂರು ಧರ್ಮಕ್ಷೇತ್ರ (ಬಿಷಪ್ಪರ ಆಡಳಿತದ ವ್ಯಾಪ್ತಿ) ಮೈಸೂರಿನಿಂದ ಬೇರೆಯಾಗಿದ್ದು 1940ರಲ್ಲಿ, ಆದರೂ ಅದಕ್ಕೂ ಹಿಂದಿನ ದಾಖಲೆ ಅಲ್ಲಿರಬಹುದು ಅಂತ ಮೈಸೂರಿಗೆ ಓಡುವ ಮುಂಚೆ ಊರಿನ ಚರ್ಚಿನಲ್ಲೇ ಕೇಳಿ. ಫಾದರ್‌ಗೆ ಮೊದಲೇ ಫೋನ್ ಮಾಡಿ ಹೋಗಿ. ಭಾನುವಾರ ಪೂಜೆ ಮುಗಿದ ತಕ್ಷಣ ಹೋಗಿ ನಿಂತರೆ ಯಾರಿಗೂ ಪುರುಸೊತ್ತಿರಲ್ಲ.

ಹಳೇ ರಿಜಿಸ್ಟರುಗಳಲ್ಲಿ ಹೆಸರು ಲ್ಯಾಟಿನ್ ರೂಪದಲ್ಲಿರಬಹುದು, ಗಾಬರಿ ಬೇಡ. ಮನೆಯಲ್ಲಿ ಇನ್ನಾಸಪ್ಪ ಅಂತಿದ್ದವರು ಅಲ್ಲಿ ಇಗ್ನೇಷಿಯಸ್. ಚೌರಪ್ಪ ಅಂದರೆ ಕ್ಸೇವಿಯರ್, ರಾಯಪ್ಪ ಅಂದರೆ ಪೀಟರ್, ಚಿನ್ನಪ್ಪ ಅಂದರೆ ಪೌಲ್. ಹೆಂಗಸರ ಹೆಸರೂ ಹೀಗೇ, ಚೌರಮ್ಮ, ಇನ್ನಾಸಮ್ಮ. ಪುಸ್ತಕದಲ್ಲಿ ಎರಡೂ ಹಾಕಿ, ಆದರೆ ಊರವರು ಕೂಗುತ್ತಿದ್ದ ಹೆಸರು ಮೊದಲು ಬರಲಿ.

ಇನ್ನು ಮಾತು. ಅಸಲಿ ಕೆಲಸ ಇದೇ. ನಾನು ಶುರುವಿನಲ್ಲಿ ಫೋನ್ ಆನ್ ಮಾಡಿ, ಅತ್ತೆಯ ಮುಂದೆ ಕೂತು, ‘ಅಜ್ಜಿಗೆ ಭಕ್ತಿ ಹೇಗಿತ್ತು?’ ಅಂತ ಕೇಳಿದೆ. ‘ತುಂಬಾ ಭಕ್ತಿ ಕಣಪ್ಪ’ ಅಂದರು, ಮುಗೀತು. ಹಾಗೆ ಕೇಳಬೇಡಿ. ಕೆಲಸ ಹಿಡಿದು ಕೇಳಿ. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಆಗಸ್ಟ್ 29ಕ್ಕೆ ಬಾವುಟ ಏರುತ್ತೆ, ಸೆಪ್ಟೆಂಬರ್ 8ಕ್ಕೆ, ಮರಿಯಮ್ಮನವರ ಹುಟ್ಟುಹಬ್ಬದ ದಿನ, ತೇರು. ಮಂಗಳೂರು ಕಡೆ ಆ ಹಬ್ಬಕ್ಕೆ ಹೊಸ ತೆನೆ ಬಂದಿರುತ್ತೆ, ನಮ್ಮ ಕಡೆ ರಾಗಿಯಲ್ಲಿ ಆಗ ಕಳೆ ಕೆಲಸವೇ ಮುಗಿದಿರಲ್ಲ. ಅದಕ್ಕೆ, ‘ಅಜ್ಜಿ ತೇರಿಗೆ ಹೋದ ದಿನ ಕಳೆ ಯಾರು ಕೀಳ್ತಿದ್ರು, ಹಾಲು ಯಾರು ಕರೀತಿದ್ರು?’ ಅಂತ ಕೇಳಿದೆ. ಅತ್ತೆ ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಹೇಳಿದರು: ಪಕ್ಕದ ಗೌಡರ ಮನೆಯ ಅಜ್ಜಿ ಅವತ್ತು ಇವರ ಹೊಲದಲ್ಲಿ ಮುಯ್ಯಾಳು, ಅಂದರೆ ಕೂಲಿಯಿಲ್ಲದೆ ಕೆಲಸಕ್ಕೆ ಕೆಲಸ. ಗೌರಿ ಹಬ್ಬದ ದಿನ ನಮ್ಮಜ್ಜಿ ಅವರ ಹೊಲದಲ್ಲಿ. ಎಷ್ಟೋ ವರ್ಷ ಹೀಗೇ ನಡೆಯಿತಂತೆ. ನಮ್ಮ ಮನೆಯಲ್ಲಿ ಯಾರಿಗೂ ಇದು ಹೇಳಬೇಕಾದ ವಿಷಯ ಅಂತಲೇ ಅನ್ನಿಸಿರಲಿಲ್ಲ!

ಅದಕ್ಕೇ ಚರ್ಚಿನವರನ್ನು ಮಾತ್ರ ಕೇಳಿ ಸುಮ್ಮನಾಗಬೇಡಿ. ಅವರು ನೋಡಿದ್ದು ತಲೆ ಮೇಲೆ ಸೆರಗು ಹೊದ್ದು ಮುಂದಿನ ಸಾಲಿನಲ್ಲಿ ಕೂತ ಅಜ್ಜಿಯನ್ನು. ಕಣದಲ್ಲಿ, ಬಾವಿ ಕಟ್ಟೆಯಲ್ಲಿ, ಡೇರಿ ಮುಂದೆ ಜೊತೆಗಿದ್ದವರು ಬೇರೆ ಅಜ್ಜಿಯನ್ನೇ ನೋಡಿರುತ್ತಾರೆ.

ಪ್ರಾರ್ಥನೆಯನ್ನೂ ಕೆಲಸದ ಒಳಗೇ ಹುಡುಕಿ. ನಮ್ಮಜ್ಜಿ ಗಡಿಯಾರ ನೋಡುತ್ತಿರಲಿಲ್ಲ. ಎಸರಿಗೆ ಹಿಟ್ಟು ಹಾಕಿ ಮುಚ್ಚಿದ ಮೇಲೆ ಒಲೆ ಮುಂದೆ ಕೂತು ಐದು ನಮೋ ಮರಿಯಾ (ಮರಿಯಮ್ಮನವರ ಜಪ) ಹೇಳುತ್ತಿದ್ದಳು. ಐದನೆಯದು ಮುಗಿದ ತಕ್ಷಣ ಹಿಟ್ಟಿನ ದೊಣ್ಣೆ ಕೈಗೆ, ‘ಆಮೆನ್’ ಜೊತೆಗೇ ತೊಳಸು ಶುರು. ಮುದ್ದೆ ಒಂದು ದಿನವೂ ಗಂಟಾಗಿದ್ದು ನೆನಪಿಲ್ಲ. ಹೀಗೆ ಒಂದು ಸಿಕ್ಕರೆ ಸಾಕು, ‘ಪ್ರಾರ್ಥನಾಶೀಲೆ’ ಅಂತ ಬರೆಯೋ ಕಷ್ಟ ತಪ್ಪುತ್ತೆ. ಮನೆಯಲ್ಲಿ ಯಾರಿಗಾದರೂ ಅವಳ ಪ್ರಾರ್ಥನೆ ಬಾಯಿಪಾಠ ಬಂದರೆ ರೆಕಾರ್ಡ್ ಮಾಡಿ, ಹೇಳಿದ ಹಾಗೇ ಬರೆಯಿರಿ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಸಭೆಯ (ಕ್ಯಾಥೊಲಿಕ್ ಬಿಷಪ್ಪರ ಮಹಾಸಭೆ) ಮುಂಚೆ ಪೂಜೆ ಲ್ಯಾಟಿನ್‌ನಲ್ಲಿತ್ತು. ಹಳ್ಳಿ ಹೆಂಗಸರು ಕನ್ನಡದ ಜಪಗಳನ್ನು ಕಿವಿಯಲ್ಲಿ ಕೇಳಿಯೇ ಕಲಿತವರು. ಈಗಿನ ಪುಸ್ತಕಕ್ಕೆ ಹೊಂದಿಸೋಕೆ ಒಂದು ಪದವನ್ನೂ ತಿದ್ದಬೇಡಿ.

ಆಗುವುದಾದರೆ ಹಿರಿಯರನ್ನು ಹೊಲಕ್ಕೆ ಕರೆದುಕೊಂಡು ಹೋಗಿ. ನಮ್ಮದು ಈಗ ಅಪಾರ್ಟ್‌ಮೆಂಟು. ಸೆಕ್ಯೂರಿಟಿಯವರಿಗೆ ಹತ್ತು ನಿಮಿಷ ವಿವರಿಸಿ ಒಳಗೆ ಹೋದೆವು. ಉಳಿದಿದ್ದ ಒಂದೇ ಹುಣಸೆ ಮರದ ಹತ್ತಿರ ನಿಂತು ಅತ್ತೆ ಕೈ ಚಾಚಿ ತೋರಿಸಿದರು: ಇಲ್ಲಿ ರಾಗಿ, ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು, ಅಲ್ಲಿ ಕಣ. ಕಣ ಇದ್ದ ಜಾಗದಲ್ಲಿ ಬೈಕ್ ಪಾರ್ಕಿಂಗ್. ಮನೆಯಲ್ಲಿ ಮೂರು ಗಂಟೆ ಕೂತು ಕೇಳಿದ್ದಕ್ಕಿಂತ ಜಾಸ್ತಿ ಅಲ್ಲಿ ಸಿಕ್ಕಿತು. ಹಾಗೇ ನವೆಂಬರ್ 2, ಸಕಲ ಮೃತರ ದಿನ. ಮೇಣದ ಬತ್ತಿ, ಸೇವಂತಿಗೆ ಹಿಡಿದು ನೆಂಟರೆಲ್ಲ ಸಮಾಧಿ ಹತ್ತಿರ ಸೇರುತ್ತಾರಲ್ವಾ, ಹಳೇ ಫೋಟೊಗಳನ್ನು ಅವತ್ತು ಜೇಬಿನಲ್ಲಿಟ್ಟುಕೊಂಡು ಹೋಗಿ. ಯಾರು ಯಾರು ಅಂತ ಹಿಂದೆ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ, ಪೆನ್ನಿನ ಶಾಯಿ ಒಸರುತ್ತೆ.

ಜಗಳಗಳನ್ನು ಬಿಡಬೇಡಿ. ನಮ್ಮಜ್ಜಿ ಕೋಳಿಗಳಿಗೆ ಬೈಯುತ್ತಿದ್ದ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ. ಬೈದ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಮತ್ತೆ ಬೈಯುತ್ತಿದ್ದಳು. ಓರಗಿತ್ತಿಯ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದಳು, ಅದನ್ನು ಹಾಕಬೇಡ ಅಂತ ದೊಡ್ಡಪ್ಪ ಹಟ ಹಿಡಿದರು. ಬದುಕಿರುವವರಿಗೆ ನೋವಾಗುತ್ತೆ ಅಂತ ಜಗಳ ಯಾಕಾಯಿತು ಅನ್ನೋದನ್ನು ಬಿಟ್ಟೆ, ಮಾತು ಬಿಟ್ಟಿದ್ದನ್ನು ಉಳಿಸಿಕೊಂಡೆ.

ಪೂಜೆಯಲ್ಲಿ ಓದುವುದಾದರೆ ಯಾವಾಗ, ಎಷ್ಟು ಹೊತ್ತು ಅಂತ ಫಾದರ್ ಹತ್ತಿರ ಮೊದಲೇ ಮಾತಾಡಿ. ಮೂರು ನಿಮಿಷ ಸಾಕು. ಉಳಿದದ್ದು ಪುಸ್ತಕದಲ್ಲಿರಲಿ, ಕೊನೆಯ ಎರಡು ಪುಟ ಖಾಲಿ ಬಿಡಿ.

ಆ ಖಾಲಿ ಪುಟ ನನಗೆ ಅವತ್ತೇ ಬೇಕಾಯಿತು. ಊಟಕ್ಕೆ ಬಂದಿದ್ದ ಗೌಡರ ಮನೆ ಅಜ್ಜಿಗೆ ಮೊಮ್ಮಗಳು ಪುಸ್ತಕ ಓದಿ ಹೇಳುತ್ತಿದ್ದಳು. ಹಿಟ್ಟಿನ ವಿಷಯ ಬಂದ ತಕ್ಷಣ ಅಜ್ಜಿ ನನ್ನನ್ನು ಕೂಗಿದರು. ‘ಐದಲ್ಲ ಕಣೋ, ಏಳು. ಗೋಡೆ ಆಚೆಯಿಂದ ನಂಗೆ ಕೇಳ್ತಿರಲಿಲ್ವಾ? ಅದನ್ನ ಎಣಿಸ್ಕೊಂಡೇ ನಮ್ಮನೆ ಹಿಟ್ಟೂ ಇಳಿಸ್ತಿದ್ದೆ.’