ಆಂಟ್‌ವರ್ಪ್‌ನ ಚರ್ಚುಗಳು, ಮ್ಯೂಸಿಯಂಗಳು: ನಾನು ಪ್ಲಾನ್ ಮಾಡಿದ ಬಗೆ

ಬೆಲ್ಜಿಯಂನ ಆಂಟ್‌ವರ್ಪ್‌ನ ಹಳೇ ಊರು ಚಿಕ್ಕದು. ಒಂದು ಚರ್ಚಿನಿಂದ ಇನ್ನೊಂದಕ್ಕೆ ಹತ್ತು ನಿಮಿಷ ನಡೆದರೆ ಸಾಕು. ಹಾಗಾಗಿ ಇಲ್ಲಿ ದೂರದ ಚಿಂತೆ ಇಲ್ಲ. ಚಿಂತೆ ಇರುವುದೆಲ್ಲ ಬಾಗಿಲು ತೆರೆಯುವ ಹೊತ್ತಿನದು. ಅದನ್ನು ಮೊದಲು ಬರೆದಿಟ್ಟುಕೊಂಡರೆ ಉಳಿದದ್ದು ತಾನಾಗಿ ಕೂಡಿಕೊಳ್ಳುತ್ತದೆ.

ನಾನು ಕೆಲಸಕ್ಕಾಗಿ ಲೂವೆನ್‌ನಲ್ಲಿದ್ದೇನೆ. ಮಂಗಳೂರಿನಿಂದ ಅಪ್ಪ, ಅಮ್ಮ ಬಂದಾಗ ಅವರನ್ನು ಕರೆದುಕೊಂಡು ಹೋಗುವ ಸಲುವಾಗಿ ಈ ಪ್ಲಾನ್ ಮಾಡಿದೆ. ಅಮ್ಮನಿಗೆ ಮೊಣಕಾಲು ನೋವು. ಅಪ್ಪ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು. ಇವೆರಡನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಜಾಗಗಳನ್ನು ಆರಿಸಿದೆ.

ಮೊದಲು ವಾರ. ಇಲ್ಲಿನ ಹೆಚ್ಚಿನ ಮ್ಯೂಸಿಯಂಗಳಿಗೆ ಸೋಮವಾರ ರಜೆ. ಊರಿನ ಮುಖ್ಯ ಚರ್ಚಾದ ಕೆಥೆಡ್ರಲ್ ಮಾತ್ರ ನಾನು ನೋಡಿದಾಗ ವಾರದ ದಿನಗಳಲ್ಲಿ ಹತ್ತರಿಂದ ಐದು, ಶನಿವಾರ ಮೂರಕ್ಕೇ ಮುಚ್ಚುತ್ತಿತ್ತು, ಭಾನುವಾರ ಪೂಜೆ ಮುಗಿದ ಮೇಲೆ ಮಧ್ಯಾಹ್ನ ಒಂದಕ್ಕೆ ತೆರೆಯುತ್ತಿತ್ತು. ಸೇಂಟ್ ಪಾಲ್ ಚರ್ಚು ಪ್ರವಾಸಿಗರಿಗೆ ಮಧ್ಯಾಹ್ನದ ಮೇಲಷ್ಟೇ. ಚಳಿಗಾಲದಲ್ಲಿ ಅದೂ ಕಡಿಮೆ. ಸೇಂಟ್ ಚಾರ್ಲ್ಸ್ ಬೊರೋಮಿಯೋ ಚರ್ಚಿಗೆ ಊಟದ ಹೊತ್ತಿನಲ್ಲಿ ಬೀಗ. ಹೋಗುವ ವಾರ ಒಮ್ಮೆ ಅವರವರ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ. ಮದುವೆ, ಶವಸಂಸ್ಕಾರ ಇದ್ದರೆ ಹೊತ್ತು ಬದಲಾಗುತ್ತದೆ. ಇವು ಇವತ್ತಿಗೂ ಜನ ಪ್ರಾರ್ಥನೆ ಮಾಡುವ ಜಾಗಗಳು. ಅವರ ಪೂಜೆ ಮೊದಲು, ನಮ್ಮ ನೋಟ ಆಮೇಲೆ. ಅದು ನ್ಯಾಯವೇ.

ಇದನ್ನೆಲ್ಲ ಹೊಂದಿಸಿ ಶುಕ್ರವಾರ ಮತ್ತು ಶನಿವಾರ ಆರಿಸಿಕೊಂಡೆ.

ಇನ್ನು ಯಾವುದರ ಹಿಂದೆ ಯಾವುದು? ಇಲ್ಲಿ ನನಗೆ ನೆರವಾದದ್ದು ಈ ಊರಿನ ಚರಿತ್ರೆ. 1566ರಲ್ಲಿ ಪ್ರೊಟೆಸ್ಟೆಂಟ್ ಗಲಭೆಯಲ್ಲಿ ಇಲ್ಲಿನ ಚರ್ಚುಗಳ ಮೂರ್ತಿ, ಚಿತ್ರಗಳನ್ನು ಒಡೆದು ಹಾಕಿದರು. ಊರು ಮತ್ತೆ ಕ್ಯಾಥೊಲಿಕರ ಕೈಗೆ ಬಂದ ಮೇಲೆ ಬರಿದಾಗಿದ್ದ ಬಲಿಪೀಠಗಳಿಗೆಲ್ಲ ಹೊಸ ಚಿತ್ರ ಬೇಕಾಯಿತು. 1608ರಲ್ಲಿ ಇಟಲಿಯಿಂದ ವಾಪಸ್ ಬಂದ ಈ ಊರಿನ ಚಿತ್ರಕಾರ ರುಬೆನ್ಸ್‌ಗೆ ಕೈತುಂಬ ಕೆಲಸ ಸಿಕ್ಕಿದ್ದು ಹಾಗೆ. 1794ರಲ್ಲಿ ಫ್ರೆಂಚರು ಬಂದು ಒಳ್ಳೊಳ್ಳೆಯ ಚಿತ್ರಗಳನ್ನು ಪ್ಯಾರಿಸ್‌ಗೆ ಸಾಗಿಸಿದರು. 1815ರಲ್ಲಿ ನೆಪೋಲಿಯನ್ ಸೋತ ಮೇಲೆ ಬಹಳಷ್ಟು ಮರಳಿ ಬಂದವು. ಆದರೆ ಅಷ್ಟರಲ್ಲಿ ಕೆಲವು ಚರ್ಚು, ಮಠಗಳು ಮುಚ್ಚಿಹೋಗಿದ್ದವು. ಅಲ್ಲಿದ್ದ ಚಿತ್ರಗಳು ಮ್ಯೂಸಿಯಂ ಸೇರಿದವು. ಅಂದರೆ ಇಲ್ಲಿನ ಚರ್ಚೂ ಮ್ಯೂಸಿಯಮ್ಮೂ ಒಂದೇ ಕಥೆಯ ಎರಡು ಭಾಗ. ಮೊದಲು ಚರ್ಚಿನಲ್ಲಿ ನೋಡಿ, ಆಮೇಲೆ ಮ್ಯೂಸಿಯಂಗೆ ಹೋದರೆ, ಅಲ್ಲಿನ ದೊಡ್ಡ ಚಿತ್ರಗಳು ಎಂಥ ಜಾಗಕ್ಕಾಗಿ ಹುಟ್ಟಿದವು ಅಂತ ಗೊತ್ತಾಗುತ್ತದೆ. ತಿರುವುಮುರುವು ಮಾಡಿದರೆ ಅವು ಸುಮ್ನೆ ದೊಡ್ಡ ಚಿತ್ರಗಳು ಅಷ್ಟೇ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಕೆಥೆಡ್ರಲ್ ಬಾಗಿಲಲ್ಲಿದ್ದೆವು. ಟಿಕೆಟ್ ಆಗ 12 ಯೂರೋ. 123 ಮೀಟರ್ ಎತ್ತರದ ಉತ್ತರ ಗೋಪುರ ಊರಿನಲ್ಲಿ ಎಲ್ಲಿದ್ದರೂ ಕಣ್ಣಿಗೆ ಬೀಳುತ್ತದೆ. ಜೊತೆಯ ಇನ್ನೊಂದು ಗೋಪುರ ಪೂರ್ತಿಯಾಗಲೇ ಇಲ್ಲ. ತೆರೆದ ಕೂಡಲೇ ಒಳಗೆ ಹೋದರೆ ಗುಂಪು ಇರುವುದಿಲ್ಲ, ಕುರ್ಚಿಗಳೂ ಖಾಲಿ. ಅಮ್ಮ ಚಿತ್ರದ ಎದುರೇ ಕೂತು ನೋಡಿದರು.

ಇಲ್ಲಿ ಅವಸರ ಮಾಡಬೇಡಿ. ಎಡಕ್ಕೆ ಶಿಲುಬೆಯನ್ನು ಎತ್ತಿ ನಿಲ್ಲಿಸುವ ಚಿತ್ರ. ರುಬೆನ್ಸ್ ಇದನ್ನು 1610-11ರಲ್ಲಿ ಸೇಂಟ್ ವಾಲ್‌ಬುರ್ಗಾ ಎಂಬ ಇನ್ನೊಂದು ಚರ್ಚಿಗೆ ಬರೆದದ್ದು. ಆ ಚರ್ಚು ಈಗ ಇಲ್ಲ. ಬಲಕ್ಕೆ ಯೇಸುವಿನ ದೇಹವನ್ನು ಶಿಲುಬೆಯಿಂದ ಇಳಿಸುವ ಚಿತ್ರ. ಇದು ಇದೇ ಕೆಥೆಡ್ರಲ್‌ಗೆ ಊರಿನ ಕೋವಿಕಾರರ ಸಂಘ ಬರೆಸಿದ್ದು. ಮೂರು ಹಲಗೆಗಳಿವೆ. ಎಡದ್ದರಲ್ಲಿ ಬಸುರಿ ಮರಿಯಾ, ನಡುವೆ ದೇಹವನ್ನು ಬಿಳಿ ಬಟ್ಟೆಯಲ್ಲಿ ಇಳಿಸುತ್ತಿರುವ ಜನ, ಬಲದಲ್ಲಿ ಕೂಸು ಯೇಸುವನ್ನು ಎತ್ತಿಕೊಂಡ ಮುದುಕ ಸಿಮೆಯೋನ. ಅಮ್ಮ ಸ್ವಲ್ಪ ಹೊತ್ತು ನೋಡಿ, "ಎಲ್ಲಾದರಲ್ಲೂ ಅವನನ್ನು ಯಾರೋ ಹೊತ್ತಿದ್ದಾರೆ, ಅಲ್ವಾ?" ಅಂದರು. ಗುಟ್ಟು ಇರುವುದೇ ಅದರಲ್ಲಿ. ಕೋವಿಕಾರರ ಪಾಲಕ ಸಂತ ಕ್ರಿಸ್ಟೋಫರ್, ಕೂಸು ಯೇಸುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದವನು. ಅವನು ಹಲಗೆಗಳ ಹೊರಮೈಯಲ್ಲಿದ್ದಾನೆ. ಹಾಗಾಗಿ ಮುಂದೆ ನಿಂತು ನೋಡಿ ಮುಗಿಸಬೇಡಿ, ಹಿಂಬದಿಯನ್ನೂ ನೋಡಿ. ಮುಖ್ಯ ಬಲಿಪೀಠದಲ್ಲಿ ಮರಿಯಾ ಸ್ವರ್ಗಕ್ಕೇರುವ ಚಿತ್ರವಿದೆ. 1626ರಲ್ಲಿ ಆ ಜಾಗಕ್ಕೇ ಮಾಡಿದ್ದು. ಅದನ್ನು ಹತ್ತಿರ ಹೋಗಿ ನೋಡುವುದಕ್ಕಿಂತ ಚರ್ಚಿನ ನಡುವಿನಿಂದ ನೋಡಬೇಕು. ಒಂದು ಸಣ್ಣ ದುರ್ಬೀನು ಇಟ್ಟುಕೊಳ್ಳಿ. ಎಲ್ಲ ಚರ್ಚುಗಳಲ್ಲೂ ಕೆಲಸಕ್ಕೆ ಬರುತ್ತದೆ.

ಅಲ್ಲಿಂದ ಐದು ನಿಮಿಷ ನಡೆದರೆ ಪ್ಲಾಂಟಿನ್-ಮೊರೆಟಸ್ ಮ್ಯೂಸಿಯಂ. 16ನೇ ಶತಮಾನದ ಮುದ್ರಕ ಕ್ರಿಸ್ಟೋಫ್ ಪ್ಲಾಂಟಿನ್‌ನ ಮನೆ, ಪ್ರೆಸ್ಸು, ಅಂಗಡಿ ಎಲ್ಲ ಒಂದೇ ಕಡೆ. 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಎರಡು ಅಚ್ಚುಯಂತ್ರಗಳು ಇಲ್ಲಿವೆ. ಐದು ಭಾಷೆಗಳಲ್ಲಿ ಎಂಟು ಸಂಪುಟಗಳ ಬೈಬಲ್ ಅಚ್ಚಾದದ್ದು ಈ ಪ್ರೆಸ್ಸಿನಲ್ಲೇ. ಅಪ್ಪ ಅಚ್ಚುಮೊಳೆಯ ಕೇಸುಗಳ ಎದುರು ನಿಂತವರು ಕದಲಲಿಲ್ಲ. ಪಕ್ಕದಲ್ಲಿದ್ದ ಶಾಲಾ ಮಕ್ಕಳಿಗೆ ಬೆರಳಿನಲ್ಲೇ ಮೊಳೆ ಹೆಕ್ಕುವ ರೀತಿ ತೋರಿಸಿದರು. ಭಾಷೆ ಬೇಕಾಗಲಿಲ್ಲ. ಮೆಟ್ಟಿಲು, ಹಳೇ ಮರದ ನೆಲ ಇರುವುದರಿಂದ ಅಮ್ಮ ಒಳಅಂಗಳದಲ್ಲಿ ಕೂತಿದ್ದರು. ಒಂದು ಗಂಟೆ ಅಂತ ಬರೆದಿರುವವರನ್ನು ನಂಬಬೇಡಿ, ಎರಡು ಗಂಟೆ ಇಡಿ.

ಊಟದ ವಿಷಯ ಬೇಗ ಹೇಳಿಬಿಡುತ್ತೇನೆ. ಸಸ್ಯಾಹಾರಿಗಳು ಆಲೂಗಡ್ಡೆ ಫ್ರೈಸ್ ಕೊಳ್ಳುವ ಮೊದಲು ಯಾವ ಎಣ್ಣೆ ಅಂತ ಕೇಳಿ. ದನದ ಕೊಬ್ಬಿನಲ್ಲಿ ಕರಿಯುವುದು ಇಲ್ಲಿನ ಹಳೇ ರೂಢಿ. ಸೆಂಟ್ರಲ್ ಸ್ಟೇಷನ್ ಹತ್ತಿರ ವಜ್ರದ ವ್ಯಾಪಾರದ ಗುಜರಾತಿ ಜೈನರು ಜಾಸ್ತಿ ಇರುವುದರಿಂದ ಆ ಕಡೆ ನಮ್ಮ ಊಟ ಸಿಗುತ್ತದೆ.

ಮಧ್ಯಾಹ್ನ ಸೇಂಟ್ ಪಾಲ್. ನನ್ನ ಮಟ್ಟಿಗೆ ಆಂಟ್‌ವರ್ಪ್‌ನ ಅತಿ ಒಳ್ಳೆಯ ಚರ್ಚು ಇದೇ. ಎಡಗಡೆಯ ಗೋಡೆಗೆ ಜಪಮಾಲೆಯ ರಹಸ್ಯಗಳ, ಅಂದರೆ ಜಪ ಮಾಡುವಾಗ ನೆನೆಯುವ ಯೇಸು, ಮರಿಯಾರ ಬದುಕಿನ ಘಟನೆಗಳ, 15 ಚಿತ್ರಗಳ ಸಾಲು. ರುಬೆನ್ಸ್, ವ್ಯಾನ್ ಡೈಕ್, ಯೋರ್ಡಾನ್ಸ್ ಮೂವರೂ ಇದರಲ್ಲಿ ಕೈ ಹಾಕಿದ್ದಾರೆ. ಸುಮಾರು 1617ರ ಹೊತ್ತಿನಿಂದ ಅದೇ ಗೋಡೆಯಲ್ಲಿವೆ. 1968ರಲ್ಲಿ ಚರ್ಚಿಗೆ ಬೆಂಕಿ ಬಿದ್ದಾಗ ಅಕ್ಕಪಕ್ಕದ ಜನ ಓಡಿಬಂದು ಚಿತ್ರಗಳನ್ನು ಹೊರಗೆ ಸಾಗಿಸಿದರು. ಅದು ಗೊತ್ತಿದ್ದು ನೋಡಿದರೆ ಆ ಸಾಲಿಗೆ ಬೇರೆಯೇ ಬೆಲೆ.

ಶನಿವಾರ ಬೆಳಿಗ್ಗೆ ಸೇಂಟ್ ಚಾರ್ಲ್ಸ್ ಬೊರೋಮಿಯೋ. ಇದು 1621ರಲ್ಲಿ ಜೆಸುಯಿಟರು ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘ ಮುಗಿಸಿದ ಚರ್ಚು. ಚಾವಣಿಗೆ ರುಬೆನ್ಸ್ ಮಾಡಿಕೊಟ್ಟ 39 ಚಿತ್ರಗಳು 1718ರಲ್ಲಿ ಸಿಡಿಲಿನ ಬೆಂಕಿಗೆ ಹೋದವು. ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್‌ನಲ್ಲಿ ಜೆಸುಯಿಟ್ ಕಲಾವಿದ ಮೊಸ್ಕೇನಿ ಬಿಡಿಸಿದ ಚಾವಣಿ ನೋಡಿದವರಿಗೆ ಇಲ್ಲಿ ತಲೆಯೆತ್ತಿದಾಗ ನಷ್ಟ ಎಷ್ಟು ದೊಡ್ಡದು ಅಂತ ತಟ್ಟನೆ ಹೊಳೆಯುತ್ತದೆ. ಬಲಿಪೀಠದ ಹಿಂದೆ ರಾಟೆಯ ಏರ್ಪಾಡು ಇದೆ. ಕಾಲಕ್ಕೆ ತಕ್ಕಂತೆ ಚಿತ್ರ ಬದಲಿಸಲು ಮಾಡಿದ್ದು. ಅಲ್ಲಿಗಾಗಿ ರುಬೆನ್ಸ್ ಬರೆದ ಸಂತ ಫ್ರಾನ್ಸಿಸ್ ಝೇವಿಯರ್‌ನ ಪವಾಡಗಳ ಚಿತ್ರ ಈಗ ವಿಯೆನ್ನಾದಲ್ಲಿದೆ. ಗೋವಾದಲ್ಲಿ ಯಾರ ದೇಹ ಇಟ್ಟಿದ್ದಾರೋ ಅದೇ ಝೇವಿಯರ್.

ಮಧ್ಯಾಹ್ನ ಪೂರ್ತಿ ರಾಯಲ್ ಮ್ಯೂಸಿಯಂಗೆ. ಕೆಎಂಎಸ್‌ಕೆಎ ಅಂತ ಕರೆಯುತ್ತಾರೆ. ಊರಿನ ದಕ್ಷಿಣಕ್ಕಿದೆ, ಮೊಣಕಾಲು ನೋವಿನವರು ಟ್ರಾಮ್ ಹತ್ತಲಿ. 11 ವರ್ಷ ಮುಚ್ಚಿದ್ದು 2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ತೆರೆಯಿತು. ಕೂಸು ಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳ ಚಿತ್ರ ಇಲ್ಲಿದೆ, ಅದನ್ನು ರುಬೆನ್ಸ್ 1624ರಲ್ಲಿ ಸೇಂಟ್ ಮೈಕೇಲ್ ಮಠಕ್ಕೆ ಬರೆದದ್ದು. ಮಠ ಉಳಿದಿಲ್ಲ. ಎತ್ತರ ಸುಮಾರು ನಾಲ್ಕೂವರೆ ಮೀಟರ್. ಅಪ್ಪ ಇಲ್ಲಿ ತಾವಾಗಿಯೇ ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತರು. ಚರ್ಚಿನಲ್ಲಿ ಎರಡು ದಿನ ನೋಡಿದ ಕಣ್ಣಿಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿತ್ತು. ವ್ಯಾನ್ ಐಕ್‌ನ ಪುಟ್ಟ ಸಂತ ಬಾರ್ಬರಾ (1437), ಕೆಂಪು ನೀಲಿ ದೇವದೂತರ ನಡುವೆ ಕೂತ ಫೂಕೆಯ ಮರಿಯಾ, ಇವೆರಡನ್ನು ಬಿಡಬೇಡಿ.

ರುಬೆನ್ಸ್ ಮನೆಯನ್ನು ಪಟ್ಟಿಯಲ್ಲಿ ಸೇರಿಸುವ ಮೊದಲು ವಿಚಾರಿಸಿ. ದುರಸ್ತಿಗಾಗಿ 2023ರಲ್ಲಿ ಮುಚ್ಚಿದರು, 2024ರಿಂದ ತೋಟಕ್ಕೆ ಬಿಡುತ್ತಿದ್ದಾರೆ. ಸೇಂಟ್ ಜೇಮ್ಸ್ ಚರ್ಚಿನಲ್ಲೂ ಬಹಳ ಕಾಲದಿಂದ ದುರಸ್ತಿ ನಡೆದಿದೆ. ತೆರೆದಿದೆ ಅಂತ ಗೊತ್ತಾದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ, ಸ್ಟೇಷನ್ ದಾರಿಯಲ್ಲೇ ಸಿಗುತ್ತದೆ. ರುಬೆನ್ಸ್ ಸಮಾಧಿ ಮುಖ್ಯ ಬಲಿಪೀಠದ ಹಿಂದಿನ ಚಾಪೆಲ್‌ನಲ್ಲಿದೆ. ಅದರ ಮೇಲಿನ ಚಿತ್ರವೂ ಅವರದ್ದೇ.