ರೋಲ್ ಕೇಜ್ ಒಳಗಡೆನಾ, ಹೊರಗಡೆನಾ?

ಸಕಲೇಶಪುರದ ಕಡೆ ಮಳೆಗಾಲದಲ್ಲಿ ಎಸ್ಟೇಟ್ ದಾರಿಗೆ ಗಾಡಿ ಇಳಿಸಿದೋರಿಗೆ ಗೊತ್ತಿರತ್ತೆ, ಅಲ್ಲಿ ಮಗುಚೋದು ಅಂದ್ರೆ ಹಾರಿ ಬೀಳೋದಲ್ಲ, ಕೆಸರಲ್ಲಿ ಹಿಂದಿನ ಚಕ್ರ ಜಾರಿ ದಾರಿ ಪಕ್ಕದ ಮಣ್ಣಿನ ಬರೆಗೆ ಒರಗ್ಕೊಂಡು ನಿಧಾನಕ್ಕೆ ಮಲಗ್ಬಿಡತ್ತೆ.

ರೋಲ್ ಕೇಜ್, ಅಂದ್ರೆ ಗಾಡಿ ಮಗುಚಿದ್ರೆ ಕಾಪಾಡೋ ಪೈಪಿನ ಪಂಜರ, ಮಾಡ್ಸೋಕೆ ಫ್ಯಾಬ್ರಿಕೇಟರ್ ಹತ್ರ ಓಡೋ ಮುಂಚೆ ಒಂದು ಡಿಸೈಡ್ ಮಾಡಿ: ಉಳಿಸ್ಬೇಕಿರೋದು ತಲೆನಾ, ತಗಡಾ? ಮರ, ಬಂಡೆ ತಾಗಿ ಬಾಡಿ ನಜ್ಜುಗುಜ್ಜಾಗ್ಬಾರ್ದು ಅಂದ್ರೆ ಹೊರಗಿಂದು. ರೂಫ್ ಕುಸಿದು ಜನರ ಮೇಲೆ ಬರ್ಬಾರ್ದು ಅಂದ್ರೆ ನನ್ನ ವೋಟು ಒಳಗಿಂದಕ್ಕೆ.

ಆಮೇಲೆ ಗಾಡಿ ನೋಡಿ. ಸಾಫ್ಟ್ ಟಾಪ್ ಜಿಪ್ಸಿ, ಹಳೇ ಜೀಪಲ್ಲಿ ತಲೆ ಮೇಲೆ ಬಟ್ಟೆ ಬಿಟ್ರೆ ಏನಿಲ್ಲ, ಯೋಚ್ನೆನೇ ಬೇಡ, ಒಳಗೇ ಹಾಕ್ಸಿ. 2020ರ ಥಾರ್‌ಗೆ ಕಂಪನಿನೇ ಒಳಗೆ ಕೇಜ್ ಕೊಟ್ಟಿದೆ. ಜಿಮ್ನಿಲಿ ಸೈಡಿಗೆ ಕರ್ಟನ್ ಏರ್‌ಬ್ಯಾಗ್ ಇದೆ, ಅದು ಬಿಚ್ಕೊಳ್ಳೋ ಜಾಗದಲ್ಲಿ ಪೈಪ್ ನಿಲ್ಲಿಸ್ಬೇಡಿ.

ದಿನಾ ಓಡ್ಸೋ ಗಾಡಿನಾ? ಹಾಗಾದ್ರೆ ಫುಲ್ ಒಳಕೇಜ್ ಬೇಡ, ಹೆಲ್ಮೆಟ್ ಇಲ್ದೆ ಮಗೂನ ಸ್ಕೂಲಿಗೆ ಬಿಡೋಕೆ ಹೋಗ್ವಾಗ ಯಾರಾದ್ರೂ ಗುದ್ದಿದ್ರೆ ಕಣತಲೆ ಸೀದಾ ಪೈಪಿಗೇ ಹೊಡ್ಯತ್ತೆ. ಸೀಟ್ ಹಿಂದೆ ಒಂದು ಹೂಪ್ (ಕಮಾನಿನ ಥರ ಬಗ್ಗಿಸಿದ ಪೈಪು), ಅಡ್ಡ ಒಂದು ಪೈಪ್, ಹಿಂದಕ್ಕೆ ಎರಡು ಸಪೋರ್ಟ್, ಇಷ್ಟು ಹಾಫ್ ಕೇಜ್ ಸಾಕು.

ಪೈಪ್ ವಿಷ್ಯದಲ್ಲಿ ನಾನೇ ಕೈ ಸುಟ್ಕೊಂಡಿದೀನಿ. ಮೊದಲ್ನೇ ಕೇಜ್ ನೀಟಾಗಿ ಕಪ್ಪು ಪೇಂಟ್ ಹೊಡ್ದು ಕೊಟ್ರು, ಒಂದ್ಸಲ ಕಲ್ಲಿಗೆ ಉಜ್ಜಿದ್ದೇ ತಡ ಒಳಗಿಂದ ಬೆಳ್ಳಗೆ ಸತು ಹೊಳೀತು, ನಲ್ಲಿ ನೀರಿನ ಜಿಐ ಪೈಪು! ಬೆಂಡ್ ಕೂಡ ಹಿಸುಕಿದ ಸ್ಟ್ರಾ ಥರ ಚಪ್ಪಟೆ. ರ‍್ಯಾಲಿ ಕಾರಿಗೆ ಎಫ್‌ಐಎ (ಅಂತರರಾಷ್ಟ್ರೀಯ ಮೋಟಾರ್ ರೇಸ್ ಸಂಸ್ಥೆ) ಕೇಳೋ ಮೇನ್ ಹೂಪ್ 45 ಎಂಎಂ ದಪ್ಪ, 2.5 ಎಂಎಂ ಗೋಡೆಯ ಸೀಮ್‌ಲೆಸ್, ಅಂದ್ರೆ ಉದ್ದಕ್ಕೆ ಜೋಡಣೆ ಇಲ್ಲದ ಸ್ಟೀಲು, ಅದನ್ನೇ ಕೇಳಿ. ಮೀಟರ್‌ಗೆ ಹತ್ತತ್ರ 2.6 ಕೆಜಿ. ಹೊರಕೇಜ್‌ಗೆ 30 ಮೀಟರ್ ಹಿಡಿದ್ರೂ 78 ಕೆಜಿ ಆಯ್ತು, ಅದ್ರಲ್ಲಿ ಸುಮಾರು ಭಾಗ ರೂಫ್ ಎತ್ತರದಲ್ಲೇ ಕೂರತ್ತೆ, ಅಂದ್ರೆ ಮಗುಚಿದ್ರೆ ಇರ್ಲಿ ಅಂತ ಹಾಕ್ಸಿದ್ದೇ ಮಗುಚೋ ಚಾನ್ಸ್ ಜಾಸ್ತಿ ಮಾಡತ್ತೆ.

ಕೇಜಿನ ಕಾಲು ಎಲ್ಲಿ ಊರ್ತೀರ ಅನ್ನೋದು ಮುಖ್ಯ. ಬರೀ ಫ್ಲೋರ್ ತಗಡಿಗೆ ವೆಲ್ಡ್ ಮಾಡಿದ್ರೆ ಪೈಪ್ ಅದನ್ನೇ ತೂತು ಮಾಡ್ಕೊಂಡು ಕೆಳಗಿಳ್ಯತ್ತೆ. ಕೆಳಗಡೆಯಿಂದ 3 ಎಂಎಂ ಪ್ಲೇಟ್, ಕನಿಷ್ಠ 12 ಬೈ 10 ಸೆಂಟಿಮೀಟರ್, ಒಂದೊಂದಕ್ಕೂ 3 ಬೋಲ್ಟ್. ಹೊರಕೇಜ್ ಆದ್ರೆ ಚಾಸಿಗೇ ಕಟ್ಟಿ. ಜಿಪ್ಸಿ ಬಾಡಿ ಚಾಸಿ ಮೇಲೆ ರಬ್ಬರ್ ಬುಷ್‌ನಲ್ಲಿ ಕೂತಿರತ್ತೆ, ಒಂದು ಕಾಲು ಚಾಸಿಗೆ ಒಂದು ಬಾಡಿಗೆ ಅಂತ ಬಿಗಿದ್ರೆ ಎರಡೂ ಜಗ್ಗಾಡಿ ಮೌಂಟೇ ಕಿತ್ಕೊಂಡ್ ಬರತ್ತೆ. ರೋಡಿಗೆ ತರೋ ಗಾಡಿ ಆದ್ರೆ ಮೊದ್ಲು ಆರ್‌ಟಿಒ ಕೇಳ್ಕೊಳ್ಳಿ, 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇರೋದೇ ಇಂಥ ಆಲ್ಟರೇಷನ್‌ಗೆ.

ಡೆಲಿವರಿ ದಿನ ರೂಫ್‌ಗೂ ಪೈಪಿಗೂ ಮಧ್ಯೆ ಕೈ ತೂರ್ಸಿ ಜಾಯಿಂಟ್ ಸುತ್ತ ಬೆರಳಾಡ್ಸಿ. ವೆಲ್ಡಿಂಗ್ ಟಾರ್ಚ್ ಹೋಗಲ್ಲ ಅಂತ ಮೇಲ್ಗಡೆ ವೆಲ್ಡ್ ಮಾಡ್ದೆ ಬಿಟ್ಬಿಡ್ತಾರೆ. ಬೆರಳಿಗೆ ಗ್ಯಾಪ್ ಸಿಕ್ರೆ ದುಡ್ಡು ಕೊಡ್ಬೇಡಿ.